ಆಲ್ಜಿನೇಟ್ ಅಳತೆ: ನೀರಿನ ಮೇಲೂ ಗಡಿಯಾರದ ಮೇಲೂ ಕಣ್ಣಿರಲಿ

ಹಲ್ಲಿನ ಸೆಟ್ಟಾಗಲಿ, ಕ್ಲಿಪ್ಪಾಗಲಿ, ಮಾಡಿಸುವ ಮೊದಲು ಬಾಯಿಯ ಅಳತೆ, ಅಂದರೆ ಹಲ್ಲು ಒಸಡುಗಳ ಅಚ್ಚು, ತೆಗೆಯಬೇಕು. ನಮ್ಮ ಕ್ಲಿನಿಕ್ಕುಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಆಲ್ಜಿನೇಟ್. ಕಂದು ಕಡಲಪಾಚಿಯಿಂದ ಸಿಗುವ ವಸ್ತುವಿದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಚ್ಚು ತೆಗೆಯಲು ಬಳಸುತ್ತಿದ್ದ ಜಪಾನಿನ ಅಗರ್ (ಇದೂ ಕಡಲಪಾಚಿಯದೇ) ಸಿಗದಂತಾದಾಗ ಅದರ ಬದಲಿಗೆ ಚಾಲ್ತಿಗೆ ಬಂತು. ಅಗ್ಗ, ಬಳಸಲು ಸುಲಭ. ಆದರೆ ಗಟ್ಟಿಯಾದ ಮೇಲೂ ಇದರ ಬಹುಪಾಲು ನೀರೇ. ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯಕರು, ಇಂಟರ್ನ್‌ಗಳು ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಟ್ರೇ, ಅಂದರೆ ಆಲ್ಜಿನೇಟ್ ತುಂಬಿ ಬಾಯಲ್ಲಿ ಕೂರಿಸುವ ತಟ್ಟೆ, ಆರಿಸಿ. ಹಲ್ಲಿಗೂ ಟ್ರೇಗೂ ನಡುವೆ ಕನಿಷ್ಠ 3 ಮಿಲಿಮೀಟರ್ ಜಾಗವಿರಬೇಕು. ಆಲ್ಜಿನೇಟ್ ಪದರ ತೆಳುವಾದರೆ ಕಿತ್ತುಹೋಗುತ್ತದೆ. ತೂತುಗಳಿರುವ ಟ್ರೇ ಆದರೆ ಹಿಡಿತ ಚೆನ್ನ.

ಇನ್ನು ಕಲಸುವುದು. ಡಬ್ಬಿಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಪುಡಿ ಸಡಿಲಿಸಿ, ದೂಳು ಕೂರುವವರೆಗೆ ಮುಚ್ಚಳ ತೆಗೆಯಬೇಡಿ. ಪುಡಿಗೂ ನೀರಿಗೂ ಕಂಪನಿ ಕೊಟ್ಟ ಅಳತೆಯನ್ನೇ ಬಳಸಿ. ಕಣ್ಣಂದಾಜು ಬೇಡವೇ ಬೇಡ. ರಬ್ಬರ್ ಬೌಲಿಗೆ ಮೊದಲು ನೀರು, ಆಮೇಲೆ ಪುಡಿ. ಸ್ಪ್ಯಾಚುಲಾದಿಂದ ಬೌಲಿನ ಗೋಡೆಗೆ ಒತ್ತಿ ಒತ್ತಿ ಕಲಸಿದರೆ ಗಾಳಿಗುಳ್ಳೆ ಒಡೆಯುತ್ತವೆ. 45 ಸೆಕೆಂಡಿನಿಂದ ಒಂದು ನಿಮಿಷದೊಳಗೆ ಗಂಟಿಲ್ಲದೆ, ಗಟ್ಟಿ ಮೊಸರಿನಷ್ಟು ನಯವಾಗಬೇಕು.

ನೀರು ಬೆಚ್ಚಗಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಮಾಳಿಗೆ ಟ್ಯಾಂಕಿನ ನೀರು ಹಾಕಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಬೌಲಿನಲ್ಲಿ ಗಟ್ಟಿಯಾದೀತು. ಅಲ್ಲಿ ತಣ್ಣನೆಯ ನೀರು ಇಟ್ಟುಕೊಳ್ಳಿ. ಕರಾವಳಿಯ ಮಳೆಗಾಲದಲ್ಲಿ ತೇವ ತಾಗಿ ಪುಡಿಯೇ ಕೆಡುತ್ತದೆ, ಹಾಗಾಗಿ ಮುಚ್ಚಳ ಬಿಗಿಯಾಗಿರಲಿ.

ಅಳತೆ ಕೊಡುವವರನ್ನು ನೆಟ್ಟಗೆ ಕೂರಿಸಿ. ಕೆಳದವಡೆಯಿಂದ ಶುರುಮಾಡಿದರೆ ಭಯ ಕಡಿಮೆಯಾಗುತ್ತದೆ. ಬೆರಳಲ್ಲಿ ಸ್ವಲ್ಪ ಆಲ್ಜಿನೇಟ್ ತೆಗೆದು ಹಲ್ಲಿನ ಅಗಿಯುವ ಮೇಲ್ಮೈಗೆ ಸವರಿ, ನಂತರ ಟ್ರೇ ಕೂರಿಸಿ. ಮೇಲ್ದವಡೆಯಲ್ಲಿ ಹಿಂಭಾಗವನ್ನು ಮೊದಲು ಒತ್ತಿ, ಆಮೇಲೆ ಮುಂಭಾಗ. ಆಗ ಹೆಚ್ಚಿನದು ಗಂಟಲಿಗೆ ಜಾರುವುದಿಲ್ಲ. ವಾಕರಿಕೆ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನಿಂದ ನಿಧಾನವಾಗಿ ಉಸಿರಾಡಲು ಹೇಳಿ. ಗಟ್ಟಿಯಾಗುವಾಗ ಟ್ರೇ ಅಲುಗಬಾರದು. ಬೆರಳಿಗೆ ಅಂಟುವುದು ನಿಂತ ಮೇಲೂ ಎರಡು ಮೂರು ನಿಮಿಷ ಹಾಗೆಯೇ ಬಿಡಿ. ಈ ಹೊತ್ತಿನಲ್ಲೇ ಅದಕ್ಕೆ ಬಲ ಬರುವುದು. ಬಳಿಕ ಒಂದೇ ಸಲಕ್ಕೆ ನೇರವಾಗಿ ಎಳೆಯಿರಿ. ಅತ್ತಿತ್ತ ಆಡಿಸುತ್ತ ತೆಗೆದರೆ ಅಚ್ಚು ಸೊಟ್ಟಗಾಗುತ್ತದೆ.

ನನ್ನ ಪ್ರಕಾರ ಹೆಚ್ಚಿನ ಅಳತೆಗಳು ಕೆಡುವುದು ಬಾಯಿಂದ ಹೊರಬಂದ ಮೇಲೆಯೇ. ಗಾಳಿಗೆ ಬಿಟ್ಟರೆ ನೀರು ಆರಿ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಹೀರಿಕೊಂಡು ಉಬ್ಬುತ್ತದೆ. ಆದ್ದರಿಂದ ಹರಿಯುವ ನೀರಿನಲ್ಲಿ ಜೊಲ್ಲು, ರಕ್ತ ತೊಳೆದು, ಸೋಂಕುನಿವಾರಕ ಸಿಂಪಡಿಸಿ, 10 ನಿಮಿಷ ಒದ್ದೆ ಟಿಶ್ಯೂ ಸುತ್ತಿಡಿ. ಮತ್ತೆ ತೊಳೆದು, ತಡಮಾಡದೆ ಅಚ್ಚಿನೊಳಗೆ ಡೆಂಟಲ್ ಸ್ಟೋನ್ (ನೀರಲ್ಲಿ ಕಲಸಿದರೆ ಗಟ್ಟಿಯಾಗುವ ಜಿಪ್ಸಮ್ ಪುಡಿ) ಕಲಸಿ ಸುರಿಯಿರಿ. ಸುಮಾರು ಒಂದು ಗಂಟೆಯಲ್ಲಿ, ಹೀಗೆ ಮೂಡಿದ ಹಲ್ಲಿನ ಮಾದರಿಯನ್ನು ಅಚ್ಚಿನಿಂದ ಬಿಡಿಸಿ. ರಾತ್ರಿಯಿಡೀ ಬಿಟ್ಟರೆ ಅದರ ಮೇಲ್ಮೈ ಹಾಳಾಗುತ್ತದೆ. ಲ್ಯಾಬ್ ಬೇರೆ ಊರಿನಲ್ಲಿದ್ದರೆ ಆಲ್ಜಿನೇಟ್ ಅಚ್ಚನ್ನು ಬಸ್ಸಿಗೆ ಹಾಕಬೇಡಿ, ಮಾದರಿಯನ್ನೇ ಕಳಿಸಿ.

ಕ್ಯಾಪ್, ಬ್ರಿಜ್‌ಗಳಿಗೆ ಆಲ್ಜಿನೇಟ್ ಸಾಲದು. ಕೊರೆದ ಹಲ್ಲಿನ ಅಂಚು ಅಷ್ಟು ಸೂಕ್ಷ್ಮವಾಗಿ ಇದರಲ್ಲಿ ಮೂಡುವುದಿಲ್ಲ. ಅಲ್ಲಿ ರಬ್ಬರಿನಂತೆ ಗಟ್ಟಿಯಾಗುವ ಅಡಿಷನ್ ಸಿಲಿಕೋನ್ ಬೇಕು: ಕೈಯಲ್ಲಿ ನಾದುವ ದಪ್ಪನೆಯ ಪುಟ್ಟಿ ಮತ್ತು ಸೂಕ್ಷ್ಮ ಅಂಚು ಮೂಡಿಸುವ ತೆಳುವಾದ ಲೈಟ್ ಬಾಡಿ. ದುಬಾರಿಯಾದರೂ ಹಲವು ದಿನ ಆಕಾರ ಕೆಡುವುದಿಲ್ಲ, ಕೊರಿಯರ್‌ನಲ್ಲಿ ಕಳಿಸಬಹುದು. ಆದರೆ ಲ್ಯಾಟೆಕ್ಸ್ ಗ್ಲೌಸ್ ತೊಟ್ಟು ಪುಟ್ಟಿ ಕಲಸಬೇಡಿ. ಗ್ಲೌಸಿನಲ್ಲಿರುವ ಗಂಧಕದಿಂದಾಗಿ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ; ವಿನೈಲ್ ಗ್ಲೌಸ್ ಹಾಕಿಕೊಳ್ಳಿ.