ಗೂಬೆ ಉಗುಳಿದ ಉಂಡೆಯಲ್ಲಿ ಮೂಳೆಗಳ ಪಾಠ

ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ಸೇರುವ) ಗದ್ದೆಗಳ ಹತ್ತಿರ ಇದೆ. ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಣಜ ಗೂಬೆ. ಊರಿನ ಅಕ್ಕಿ ಗಿರಣಿ ಮುಚ್ಚಿ ಬಹಳ ಕಾಲವಾಯಿತು. ಅದರ ಹೆಂಚಿನ ಮಾಡಿನ ಒಳಗೆ ಒಂದು ಜೋಡಿ ಗೂಬೆ ವಾಸವಾಗಿದೆ. ಕೆಳಗೆ ನೆಲದ ಮೇಲೆ ಹೆಬ್ಬೆರಳು ಗಾತ್ರದ ಉಂಡೆಗಳು ಬಿದ್ದಿರುತ್ತವೆ. ಹೊಸದಾದರೆ ಕಪ್ಪಗೆ ಹೊಳೆಯುತ್ತವೆ, ಹಳೆಯದಾದರೆ ಬೂದು ಬಣ್ಣ.

ಅದು ಹಿಕ್ಕೆ ಅಲ್ಲ. ಗೂಬೆ ಸಣ್ಣ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ. ಕರಗದ ಕೂದಲು, ಮೂಳೆ ಹೊಟ್ಟೆಯಲ್ಲೇ ಉಂಡೆಯಾಗಿ ಬಾಯಿಂದ ಹೊರಗೆ ಬರುತ್ತವೆ. ಗಿಡುಗವೂ ಹೀಗೆ ಉಗುಳುತ್ತದೆ, ಆದರೆ ಅದರ ಹೊಟ್ಟೆಯ ಆಮ್ಲ ಜೋರು. ಮೂಳೆ ಅರ್ಧಂಬರ್ಧ ಸಿಗುತ್ತದೆ. ಉಂಡೆ ಬಿಡಿಸಿ ಮಕ್ಕಳಿಗೆ ಮೂಳೆ ಕಲಿಸುವ ನಮ್ಮ ಕೆಲಸಕ್ಕೆ ಗೂಬೆಯೇ ವಾಸಿ.

ಮಳೆಗಾಲದಲ್ಲಿ ಉಂಡೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ದೀಪಾವಳಿ ಕಳೆದ ಮೇಲೆ ಆರಿಸುತ್ತೇನೆ. ಗೂಡಿನ ಹತ್ತಿರ ಹತ್ತುವುದಿಲ್ಲ, ನೆಲಕ್ಕೆ ಬಿದ್ದದ್ದು ಮಾತ್ರ. ಗೂಬೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮಕ್ಕಳಿಗೆ ಅದನ್ನು ಮೊದಲೇ ಹೇಳುತ್ತೇನೆ. ಇಲಿಯಿಂದ ಬರುವ ಕಾಯಿಲೆಗಳ ಭಯವೂ ಇದೆ ಅಲ್ವಾ? ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್. ಆಮೇಲೆ ಫಾಯಿಲ್‌ನಲ್ಲಿ ಸುತ್ತಿ, ಪರಿಚಯದವರ ಕಾಲೇಜು ಲ್ಯಾಬಿನ ಓವನ್ನಿನಲ್ಲಿ 160 ಡಿಗ್ರಿಗೆ ಮುಕ್ಕಾಲು ಗಂಟೆ ಕಾಯಿಸುತ್ತೇನೆ. ಒಳಗಿನ ನುಸಿ ಹುಳವೂ ಸಾಯುತ್ತದೆ.

ಲ್ಯಾಬಿನಲ್ಲಿ ನಮಗೊಂದು ಪ್ಲಾಸ್ಟಿಕ್ ಅಸ್ಥಿಪಂಜರ ಇದೆ. ಅದನ್ನು ನೋಡಿ ಮಕ್ಕಳು ಮೂಳೆ 206 ಅಂತ ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಅದಕ್ಕೇ ನನ್ನದೊಂದು ನಿಯಮ: ಉಂಡೆಯಿಂದ ಒಂದು ಮೂಳೆ ತೆಗೆದರೆ, ಅದೇ ಮೂಳೆಯನ್ನು ಮೊದಲು ತಮ್ಮ ಮೈಯಲ್ಲಿ ಮುಟ್ಟಿ ತೋರಿಸಬೇಕು. ಆಮೇಲೇ ಹಾಳೆಗೆ ಅಂಟಿಸುವುದು. ಇಂಟರ್ನೆಟ್ಟಿನಲ್ಲಿ ಸಿಗುವ ಮೂಳೆಗಳ ಚಾರ್ಟು ನಾನು ಕೊಡುವುದಿಲ್ಲ. ಬಹಳಷ್ಟು ಚಾರ್ಟುಗಳಲ್ಲಿ ಇರುವುದು ವೋಲ್ ಎಂಬ ಇಲಿಯಂಥ ಪ್ರಾಣಿ, ಅಮೆರಿಕ, ಯುರೋಪಿನ ಕಡೆಯದು. ನಮ್ಮ ಕರಾವಳಿಯ ಗದ್ದೆಯಲ್ಲಿ ಅದನ್ನು ಎಲ್ಲಿ ಹುಡುಕೋಣ!

ಉಂಡೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಚಿಮಟದಿಂದ ಬಿಡಿಸಬೇಕು. ಒಣಗಿದ್ದನ್ನೇ ಬಿಡಿಸಿದರೆ ಕೂದಲಿನ ಧೂಳು ಜಾಸ್ತಿ. ಮೊದಲು ತಲೆಬುರುಡೆ ಹುಡುಕಿಸುತ್ತೇನೆ, ಯಾಕೆಂದರೆ ಹಲ್ಲು ಎಲ್ಲ ಹೇಳಿಬಿಡುತ್ತದೆ. ಇಲಿಗೆ ಒಟ್ಟು 16 ಹಲ್ಲು. ಮುಂದೆ ಮೇಲೆರಡು, ಕೆಳಗೆರಡು ಉದ್ದ ಬಾಚಿಹಲ್ಲು, ಮುಂಭಾಗ ಕಿತ್ತಳೆ ಬಣ್ಣ. ದಂತಕವಚದಲ್ಲಿ ಕಬ್ಬಿಣದ ಅಂಶ ಇರುವುದಕ್ಕೆ ಆ ಬಣ್ಣ. ಆಮೇಲೆ ದೊಡ್ಡ ಖಾಲಿ ಜಾಗ, ಹಿಂದೆ ದವಡೆ ಹಲ್ಲು. ನಮ್ಮ ಬಾಯಲ್ಲಿ ಆ ಜಾಗದಲ್ಲಿ ಕೋರೆಹಲ್ಲು ಇದೆ. ಮಕ್ಕಳು ನಾಲಿಗೆ ಆಡಿಸಿ ನೋಡಿಕೊಳ್ಳುತ್ತಾರೆ.

ಕೆಲವು ಉಂಡೆಯಲ್ಲಿ ಬೇರೆಯದೇ ಬುರುಡೆ. ಖಾಲಿ ಜಾಗ ಇಲ್ಲ, ಉದ್ದಕ್ಕೂ ಚೂಪು ಹಲ್ಲು, ಬಣ್ಣ ಬಿಳಿ. ಅದು ಸುಂಡಿಲಿ. ಹೆಸರಲ್ಲಿ ಇಲಿ ಇದ್ದರೂ ಇಲಿಯ ಜಾತಿಯಲ್ಲ, ಹುಳ ತಿನ್ನುವ ಪ್ರಾಣಿ. ಅದಕ್ಕೆ ಕೆನ್ನೆಯ ಮೂಳೆಯ ಕಮಾನೇ ಇಲ್ಲ. ಇಲಿಗೆ ಇದೆ, ನಮಗೂ ಇದೆ. ಕಣ್ಣಿನ ಕೆಳಗಿನಿಂದ ಕಿವಿಯವರೆಗೆ ಬೆರಳು ಎಳೆಯಿರಿ, ಕೈಗೆ ಸಿಗುತ್ತದೆ.

ಕೆಳದವಡೆ ಯಾವಾಗಲೂ ಎರಡು ತುಂಡಾಗಿ ಸಿಗುತ್ತದೆ. ಮಕ್ಕಳು ಮುರಿದುಹೋಯಿತು ಅಂತ ಗಾಬರಿಯಾಗುತ್ತಾರೆ. ಮುರಿದದ್ದಲ್ಲ. ಇಲಿಯ ದವಡೆಯ ಎರಡು ಭಾಗ ಗಟ್ಟಿಯಾಗಿ ಕೂಡುವುದೇ ಇಲ್ಲ. ನಾವು ಹುಟ್ಟುವಾಗಲೂ ಎರಡೇ, ಮೊದಲ ವರ್ಷದಲ್ಲಿ ಕೂಡಿಕೊಳ್ಳುತ್ತವೆ. ಬುರುಡೆಯಲ್ಲಿ ಬೆನ್ನುಹುರಿ ಹಾದುಹೋಗುವ ತೂತನ್ನೂ ನೋಡಿ. ಇಲಿಗೆ ಅದು ಹಿಂದುಗಡೆ, ನಮಗೆ ಅಡಿಯಲ್ಲಿ. ನೆಟ್ಟಗೆ ನಿಂತು ನಡೆಯುವ ಮೈಗೆ ತಲೆ ಕತ್ತಿನ ಮೇಲೆ ಕೂರಬೇಕಲ್ಲ.

ಕತ್ತಿನ ಮೂಳೆಯ ಮಣಿ ಇಲಿಗೂ ನಮಗೂ 7. ಪಕ್ಕೆಲುಬು ಇಲಿಗೆ 13 ಜೊತೆ, ನಮಗೆ 12. ಸೊಂಟದ ಮೂಳೆ ಇಲಿಯದ್ದು ಉದ್ದ, ಸಪೂರ. ನಮ್ಮದು ಬೋಗುಣಿಯ ಹಾಗೆ ಅಗಲ. ಕಾಲಿನದ್ದು ನನಗೆ ಬಹಳ ಇಷ್ಟದ ಪಾಠ. ಮೊಣಕಾಲಿನ ಕೆಳಗೆ ನಮಗೆ ಎರಡು ಬೇರೆ ಬೇರೆ ಮೂಳೆ. ಪಾದದ ಗಂಟಿನ ಹೊರಗೆ ಉಬ್ಬಿಕೊಂಡಿರುವುದು ಸಣ್ಣ ಮೂಳೆಯ ತುದಿ. ಇಲಿಯಲ್ಲಿ ಆ ಸಣ್ಣದು ಅರ್ಧ ದಾರಿಯಲ್ಲೇ ದೊಡ್ಡದಕ್ಕೆ ಅಂಟಿಕೊಂಡುಬಿಡುತ್ತದೆ. ಒಮ್ಮೆ ನೋಡಿದರೆ ಈ ಮೂಳೆಯನ್ನು ಯಾರೂ ಮರೆಯುವುದಿಲ್ಲ. ಚಿತ್ರದಲ್ಲಿ ನೋಡಿದವರು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಾರೆ.

ಎಳೆ ಇಲಿ ಆದರೆ ತೊಡೆ ಮೂಳೆಯ ತುದಿಯ ಗುಂಡು ಕಳಚಿ ಬೇರೆಯೇ ಬಿದ್ದಿರುತ್ತದೆ. ಆ ಸಂದಿನಲ್ಲೇ ಮೂಳೆ ಉದ್ದ ಬೆಳೆಯುವುದು. ನಮ್ಮಲ್ಲೂ ಹಾಗೇ, ಹೆಚ್ಚಿನ ಮೂಳೆಗಳ ತುದಿ ಕೂಡಲು 18–20 ವರ್ಷ ಬೇಕು. ಎಕ್ಸ್‌ರೇ ನೋಡಿ ಎಳೆಯರ ವಯಸ್ಸು ಅಂದಾಜು ಮಾಡುವುದೂ ಹೀಗೆಯೇ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದ ಹುಡುಗ ಎದ್ದು ನಿಂತ.

"ಹಾಗಾದ್ರೆ ನಾನು ಇನ್ನೂ ಉದ್ದ ಆಗ್ತೇನಾ, ಅಕ್ಕೋರೇ?"

"ಆಗ್ತೀಯೋ ಮಾರಾಯ. ಈಗ ಸೋಪು ಹಾಕಿ ಕೈ ತೊಳ್ಕೊಂಡು ಬಾ."