ಘಾಟಿಯಲ್ಲಿ ಸೆಕೆಂಡ್ ಗೇರ್ ಯಾಕೆ? ಮಾರುತಿ 800 ಇಟ್ಟುಕೊಂಡು ಲೆಕ್ಕ ಹಾಕೋಣ

ಕಾರು ಕೊಳ್ಳುವವರು ಮೊದಲು ಕೇಳುವುದು "ಎಷ್ಟು ಬಿಎಚ್‌ಪಿ?" ಅಂತ. ಸಕಲೇಶಪುರದಲ್ಲಿ ಗ್ಯಾರೇಜು ನಡೆಸುವ ನನಗೆ ಇಂಜಿನ್ ಪವರ್ ಹೇಳುವ ಆ ಒಂದು ಸಂಖ್ಯೆ ಸಾಲದು. ನನ್ನ ಗಿರಾಕಿಗಳ ಕಾರು ಶಿರಾಡಿ, ಬಿಸಿಲೆ ಘಾಟಿ ಹತ್ತಬೇಕು. ಹತ್ತಿಸುವುದು ಚಕ್ರ ನೆಲವನ್ನು ತಳ್ಳುವ ಬಲ. ಅದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಂದು ಟೇಪು, ಒಂದು ಚಾಕ್‌ಪೀಸು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉದಾಹರಣೆಗೆ ಹಳೇ ಮಾರುತಿ 800 ತಗೊಳ್ತೀನಿ. ಬಾನೆಟ್ ಒಳಗೆ ಕೈ ಆಡಿಸಲು ಜಾಗ ಇರುವ ಕಾರು ಅದು.

ಮೊದಲು ಸಿಸಿ, ಅಂದರೆ ಪಿಸ್ಟನ್ ಓಡುವ ಜಾಗ ಒಟ್ಟು ಎಷ್ಟು ಘನ ಸೆಂಟಿಮೀಟರ್ ಅನ್ನುವುದು. ಸಿಲಿಂಡರಿನ ಅಗಲ, ಅಂದರೆ ಬೋರ್, 68.5 ಮಿ.ಮೀ. ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, 72 ಮಿ.ಮೀ. ಸೆಂಟಿಮೀಟರಿಗೆ ತಂದುಕೊಳ್ಳಿ.

0.7854 × 6.85 × 6.85 × 7.2 × 3 ಸಿಲಿಂಡರ್ = 796 ಸಿಸಿ

ಬೋರ್ ಮಾಡಿಸಿ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಿದರೆ? 6.85 ಬದಲು 6.9 ಹಾಕಿ ನೋಡಿ, 808 ಬರುತ್ತದೆ. ಹೆಚ್ಚಿದ್ದು ಬರೀ 12 ಸಿಸಿ. ಬೋರ್ ಮಾಡಿಸಿದ ಮೇಲೆ ಪಿಕಪ್ ಜಾಸ್ತಿ ಆಯ್ತು ಅನ್ನುತ್ತಾರಲ್ಲ, ಅದು ಹೊಸ ಪಿಸ್ಟನ್ ಮತ್ತು ರಿಂಗು ಕಂಪ್ರೆಷನ್ ಹಿಡಿದದ್ದರಿಂದ.

ಮುಂದೆ ಟಾರ್ಕ್ (ಇಂಜಿನ್ ತಿರುಚುವ ಬಲ) ಮತ್ತು ಪವರ್. ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಎರಡನ್ನೂ ಸೇರಿಸುವ ಸೂತ್ರ ಇದು:

ಟಾರ್ಕ್ × ಆರ್‌ಪಿಎಂ ÷ 9549 = ಕಿಲೋವ್ಯಾಟ್

ಟಾರ್ಕ್ ನ್ಯೂಟನ್ ಮೀಟರಿನಲ್ಲಿ ಇರಬೇಕು. ಬಂದ ಉತ್ತರವನ್ನು 0.746ರಿಂದ ಭಾಗಿಸಿದರೆ ಬಿಎಚ್‌ಪಿ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಬರುವ) 800ಗೆ 5000 ಆರ್‌ಪಿಎಂನಲ್ಲಿ 37 ಬಿಎಚ್‌ಪಿ, 2500ರಲ್ಲಿ 59 ನ್ಯೂಟನ್ ಮೀಟರ್ ಟಾರ್ಕ್. ಈಗ 59 × 2500 ÷ 9549 ಮಾಡಿ. 15.4 ಕಿಲೋವ್ಯಾಟ್, ಅಂದರೆ ಸುಮಾರು 21 ಬಿಎಚ್‌ಪಿ. ಘಾಟಿಯಲ್ಲಿ ನಾವು ಸಾಮಾನ್ಯವಾಗಿ ಓಡಿಸುವುದು ಈ ಆರ್‌ಪಿಎಂ ಆಸುಪಾಸಿನಲ್ಲಿ. ಬ್ರೋಷರಿನ 37ರಲ್ಲಿ ಕೈಗೆ ಸಿಗುವುದು 21 ಅಷ್ಟೇ.

ಇನ್ನು ಗೇರ್ ಅನುಪಾತ, ಅಂದರೆ ಕಾರು ಓಡುವಾಗ ಚಕ್ರ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಮ್ಯಾನ್ಯುಯಲ್ ಸಿಕ್ಕರೆ ಗೇರಿನ ಸಂಖ್ಯೆಯನ್ನು ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್ ಜೋಡಿ) ಸಂಖ್ಯೆಯಿಂದ ಗುಣಿಸಿ, ಮುಗೀತು. ಸಿಗದಿದ್ದರೆ ಕೈಯಲ್ಲೇ ಎಣಿಸಬಹುದು. ನನಗೆ ಈ ದಾರಿಯೇ ಇಷ್ಟ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ. ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಇಂಜಿನ್ ಹಗುರವಾಗಿ ತಿರುಗುತ್ತದೆ. ಗೇರ್ ಹಾಕಿ, ಕ್ರ್ಯಾಂಕ್ ಪುಲ್ಲಿ (ಇಂಜಿನ್ ಶಾಫ್ಟಿನ ತುದಿಯ ರಾಟೆ) ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಪುಲ್ಲಿಗೂ ಟೈರಿಗೂ ಚಾಕ್‌ಪೀಸಿನಲ್ಲಿ ಗುರುತು ಹಾಕಿರಿ. ಚಕ್ರ ಎರಡು ಸುತ್ತು ಬರುವಷ್ಟರಲ್ಲಿ ಪುಲ್ಲಿ ಎಷ್ಟು ಸುತ್ತು ಬಂತೋ ಅದೇ ಒಟ್ಟು ಅನುಪಾತ.

ಒಂದಲ್ಲ, ಎರಡು ಸುತ್ತು. ಒಂದು ಚಕ್ರ ನೆಲ ಕಚ್ಚಿಕೊಂಡಿರುವಾಗ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಸುತ್ತು ಹಂಚುವ ಗೇರು) ಅದರ ಪಾಲಿನ ಸುತ್ತನ್ನೂ ಎತ್ತಿದ ಚಕ್ರಕ್ಕೇ ಕೊಡುತ್ತದೆ. ಇದನ್ನು ಮರೆತರೆ ಉತ್ತರ ಅರ್ಧಕ್ಕರ್ಧ ತಪ್ಪುತ್ತದೆ.

ನಾನು ಎಣಿಸಿದ ಕಾರಿನಲ್ಲಿ ಫಸ್ಟ್ ಗೇರಿಗೆ ಸುಮಾರು 15.6, ಸೆಕೆಂಡಿಗೆ 9.4, ಥರ್ಡಿಗೆ 5.8, ಟಾಪಿಗೆ 3.9 ಬಂತು.

ಚಕ್ರದ ಅಳತೆಯನ್ನು ಟೈರಿನ ಮೇಲೆ ಬರೆದ ಸಂಖ್ಯೆಯಿಂದ ತೆಗೆಯಬೇಡಿ. ಭಾರ ಬಿದ್ದಾಗ ಟೈರು ಸ್ವಲ್ಪ ಕೂರುತ್ತದೆ. ಟೈರಿಗೆ ಗುರುತು ಹಾಕಿ, ಕಾರನ್ನು ತಳ್ಳಿ, ಒಂದು ಸುತ್ತಿಗೆ ಎಷ್ಟು ದೂರ ಹೋಯಿತು ಅಂತ ಅಳೆಯಿರಿ. ನನಗೆ ಸಿಕ್ಕಿದ್ದು 1.54 ಮೀಟರ್. ಅದನ್ನು 6.283ರಿಂದ ಭಾಗಿಸಿದರೆ ತ್ರಿಜ್ಯ 0.245 ಮೀಟರ್.

ಈಗ ಬಲ. ಗೇರು, ಬೇರಿಂಗುಗಳಲ್ಲಿ ಹೋಗುವ ನಷ್ಟಕ್ಕೆ ಒಂದು 10 ಪರ್ಸೆಂಟ್ ಕಳೆಯೋಣ:

ಟಾರ್ಕ್ × ಒಟ್ಟು ಅನುಪಾತ × 0.9 ÷ ತ್ರಿಜ್ಯ = ನ್ಯೂಟನ್

2500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸೆಕೆಂಡಿನಲ್ಲಿ ಸುಮಾರು 2,037 ನ್ಯೂಟನ್, ಥರ್ಡಿನಲ್ಲಿ 1,257. ಆಗಿನ ವೇಗವೂ ಬೇಕಲ್ವಾ? ಆರ್‌ಪಿಎಂ ಅನ್ನು ಅನುಪಾತದಿಂದ ಭಾಗಿಸಿ, 1.54ರಿಂದಲೂ 60ರಿಂದಲೂ ಗುಣಿಸಿ, 1000ದಿಂದ ಭಾಗಿಸಿ. ಸೆಕೆಂಡಿಗೆ ಗಂಟೆಗೆ ಸುಮಾರು 25 ಕಿ.ಮೀ., ಥರ್ಡಿಗೆ 40.

ಕಾರಿನ ಜೊತೆ ನಾಲ್ಕು ಜನ, ಲಗೇಜು ಸೇರಿ 950 ಕಿಲೋ ಅಂದುಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆ. ಏರಿಗೆ ಬೇಕಾದ ಬಲ 950 × 9.81 ÷ 10 = 932 ನ್ಯೂಟನ್. ಟೈರು ಉರುಳಲು ಭಾರದ 1.5 ಪರ್ಸೆಂಟ್, ಅಂದರೆ 140. ಒಟ್ಟು 1,072. ಈ ವೇಗದಲ್ಲಿ ಗಾಳಿಯ ತಡೆ ಸಣ್ಣದು, ಬಿಟ್ಟುಬಿಡಿ.

ಥರ್ಡಿನಲ್ಲಿ ಉಳಿಯುವುದು 185 ನ್ಯೂಟನ್. ಕಾರು ಹತ್ತುತ್ತದೆ, ಆದರೆ ಮುಂದೆ ಲಾರಿ ಇದ್ದರೆ ಓವರ್‌ಟೇಕ್ ಆಸೆ ಬಿಡಿ. ತಿರುವಿನಲ್ಲಿ ಎಂಟಕ್ಕೊಂದರ ಏರು ಬಂದರೆ ಬೇಕಾಗುವುದು 1,305. ಅಲ್ಲಿ ಥರ್ಡ್ ಸೋತಿತು, ಆರ್‌ಪಿಎಂ ಇಳಿಯುತ್ತಾ ಹೋಗುತ್ತದೆ. ಅದೇ ತಿರುವಿನಲ್ಲಿ ಸೆಕೆಂಡಿಗೆ ಇನ್ನೂ 700 ನ್ಯೂಟನ್ ಮಿಕ್ಕಿರುತ್ತದೆ. "ಥರ್ಡಲ್ಲೇ ಎಳೀತದೆ ಕಣಣ್ಣ" ಅಂತ ವಾದಿಸುವವರಿಗೆ ನಾನು 1,305 ಮತ್ತು 1,257, ಈ ಎರಡು ಸಂಖ್ಯೆಯನ್ನು ಜಾಬ್ ಕಾರ್ಡ್ ಹಿಂದೆ ಬರೆದು ಕೊಡುತ್ತೇನೆ.

ಇನ್ನು ಎ.ಸಿ. ಕಂಪ್ರೆಸರ್ 3 ಬಿಎಚ್‌ಪಿ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 21ರಲ್ಲಿ 3 ಹೋದರೆ ಥರ್ಡ್ ಗೇರಿನ ಬಲ ಸುಮಾರು 1,075ಕ್ಕೆ ಇಳಿಯುತ್ತದೆ. ಹತ್ತಕ್ಕೊಂದರ ಏರಿಗೆ ಬೇಕಾದದ್ದು 1,072. ಏನೂ ಉಳಿಯಲಿಲ್ಲ. ಜೊತೆಗೆ, ಟರ್ಬೊ ಇಲ್ಲದ ಇಂಜಿನ್ 100 ಮೀಟರ್ ಎತ್ತರಕ್ಕೆ ಸುಮಾರು 1 ಪರ್ಸೆಂಟ್ ಬಲ ಕಳೆದುಕೊಳ್ಳುತ್ತದೆ. ಸಕಲೇಶಪುರ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಹಾಗಾಗಿ ಶಿರಾಡಿ ಹತ್ತಿ ಊರು ಹತ್ತಿರ ಬರುವಾಗ ಟಾರ್ಕನ್ನು 59 ಅಲ್ಲ, 54 ಅಂತ ಹಾಕಿ ಲೆಕ್ಕ ಮಾಡಿ.