ಶನಿವಾರ ರಾತ್ರಿಯ ಕೆಲಸ ಸೋಮವಾರಕ್ಕೆ ಹಾರಿತು

ನಮ್ಮ ಆಫೀಸಿನ ಸರ್ವರ್ ರೂಮನ್ನು ಮೂರನೇ ಮಹಡಿಯಿಂದ ಕೆಳಗೆ ತರಬೇಕಿತ್ತು. ಶನಿವಾರ ರಾತ್ರಿ 9ಕ್ಕೆ ಶುರು, ಭಾನುವಾರ ಬೆಳಗ್ಗೆ 6ರೊಳಗೆ ಎಲ್ಲ ಮತ್ತೆ ಆನ್ ಆಗಬೇಕು. ಬ್ಯಾಕಪ್‌ಗೆ 40 ನಿಮಿಷ, ಸರ್ವರ್‌ಗಳನ್ನು ಜೋಡಿಸಿಟ್ಟಿರೋ ಒಂದು ರ್‍ಯಾಕ್ ಬಿಚ್ಚೋಕೆ 20 ನಿಮಿಷ, ಹೀಗೆ ಸಣ್ಣಪುಟ್ಟ ಕೆಲಸಗಳೇ ಐವತ್ತರ ಹತ್ತಿರ. ಕೆಲಸಗಳ ವೇಳಾಪಟ್ಟಿ ಹಾಕೋ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಎಲ್ಲ ತುಂಬಿಸಿ ನೋಡಿದರೆ ಮೊದಲ ಕೆಲಸವೇ ಸೋಮವಾರಕ್ಕೆ ಹೋಗಿ ಕೂತಿತ್ತು. ಅದೂ ಬರೀ ದಿನಾಂಕ ಕಾಣ್ತಿತ್ತು, ಗಂಟೆ ಇಲ್ಲ. ಆಪ್ಷನ್ಸ್‌ನಲ್ಲಿ ಡೇಟ್ ಫಾರ್ಮ್ಯಾಟ್ ಬದಲಿಸಿ ಸಮಯವೂ ಕಾಣೋ ಹಾಗೆ ಮಾಡಿದೆ. ಬೆಳಗ್ಗೆ 8 ಗಂಟೆ!

ಅದರ ತಪ್ಪೇನಿಲ್ಲ. ಅದರ ಸ್ಟ್ಯಾಂಡರ್ಡ್ ಕ್ಯಾಲೆಂಡರ್‌ನಲ್ಲಿ ಕೆಲಸ ಅಂದ್ರೆ ಸೋಮವಾರದಿಂದ ಶುಕ್ರವಾರ, 8ರಿಂದ 12, ಆಮೇಲೆ 1ರಿಂದ 5. ಹಾಗಾಗಿ 'ಚೇಂಜ್ ವರ್ಕಿಂಗ್ ಟೈಮ್'ಗೆ ಹೋಗಿ ಹೊಸ ಕ್ಯಾಲೆಂಡರ್ ಮಾಡಿ, ಆ ಎರಡು ದಿನಗಳನ್ನು ಎಕ್ಸೆಪ್ಷನ್ (ಮಾಮೂಲಿಗಿಂತ ಬೇರೆ ಹೊತ್ತಿನ ದಿನ) ಆಗಿ ಸೇರಿಸಿದೆ. ರಾತ್ರಿ 9ರಿಂದ ಬೆಳಗ್ಗೆ 6 ಅಂತ ಒಂದೇ ಸಾಲಲ್ಲಿ ಬರೆದರೆ ಅದು ಒಪ್ಪಲ್ಲ. ನಡುರಾತ್ರಿಗೆ ಕತ್ತರಿಸಿ, ಶನಿವಾರಕ್ಕೆ 9ರಿಂದ 12, ಭಾನುವಾರಕ್ಕೆ 12ರಿಂದ 6 ಅಂತ ಬೇರೆ ಬೇರೆ ಕೊಡಬೇಕು. ಇದಕ್ಕೇ ನನಗೆ ಒಂದು ಗಂಟೆ ಹೋಯ್ತು.

ಕ್ಯಾಲೆಂಡರ್ ಮಾಡಿದರೆ ಮುಗೀತು ಅಂದುಕೊಂಡಿದ್ದೆ, ಇಲ್ಲ. ಪ್ರಾಜೆಕ್ಟ್ ಇನ್ಫರ್ಮೇಶನ್‌ನಲ್ಲಿ ಅದನ್ನೇ ಆರಿಸಬೇಕು. ಆರಿಸಿದ ಮೇಲೆ ಎಲ್ಲ ಸರಿಯಾಗಿ ಶನಿವಾರಕ್ಕೆ ಬಂತು, ಆದರೆ ಕೆಲಸಗಳಿಗೆ ಹುಡುಗರ ಹೆಸರು ಹಾಕಿದ ತಕ್ಷಣ ಮತ್ತೆ ಸೋಮವಾರಕ್ಕೆ ಜಿಗಿತ, ಯಾಕಂದ್ರೆ ಒಬ್ಬೊಬ್ಬರಿಗೂ ಅವರದೇ ಕ್ಯಾಲೆಂಡರ್ ಇರುತ್ತೆ, ಅದು ಇನ್ನೂ ಸ್ಟ್ಯಾಂಡರ್ಡ್ ಮೇಲೇ ನಿಂತಿತ್ತು. ಕೆಲಸ ಮಾಡೋರ ಪಟ್ಟಿಯಾದ ರಿಸೋರ್ಸ್ ಶೀಟ್‌ನಲ್ಲಿ ಅವರ ಬೇಸ್ ಕ್ಯಾಲೆಂಡರನ್ನೂ ಹೊಸದಕ್ಕೆ ಬದಲಿಸಿದ ಮೇಲೇ ಸಮಾಧಾನ.

ಡ್ಯುರೇಶನ್ (ಕೆಲಸಕ್ಕೆ ಹಿಡಿಯೋ ಹೊತ್ತು) ಬರೆಯುವಾಗ ಹುಷಾರು. ಬರೀ 20 ಅಂದ್ರೆ 20 ದಿನ. ನಿಮಿಷಕ್ಕೆ ಮುಂದೆ 'ಎಂ' ಸಾಕು, ಅದರ ಪಕ್ಕ 'ಓ' ಸೇರಿದರೆ ತಿಂಗಳು! ಒಂದು ಸಲ ಕೈತಪ್ಪಿ ನಮ್ಮ ಸರ್ವರ್ ರೂಮು ವರ್ಷ ದಾಟಿ ಹೋಗಿತ್ತು.

ಹತ್ತು ನಿಮಿಷಕ್ಕಿಂತ ಕಮ್ಮಿ ಇರೋದನ್ನೆಲ್ಲ ಸಾಲು ಮಾಡೋದು ಸುಮ್ನೆ ತಲೆನೋವು. ಕೇಬಲ್‌ಗೆ ಲೇಬಲ್ ಅಂಟಿಸೋದು, ಫೋಟೋ ತೆಗೆಯೋದು, ಇಂಥವನ್ನು ಆ ರ್‍ಯಾಕಿನ ಕೆಲಸದ ನೋಟ್ಸ್‌ಗೆ ತಳ್ಳಿದೆ. ಹಿಂದಿನ ದಿನ ಬೇಸ್‌ಲೈನ್ ಹಾಕಿಟ್ಟೆ, ಅಂದ್ರೆ ಮೂಲ ಯೋಜನೆಯ ಒಂದು ನಕಲು, ಆಮೇಲೆ ಹೋಲಿಸಿ ನೋಡೋಕೆ. ಆ ರಾತ್ರಿ ಶೇಕಡಾ ಲೆಕ್ಕ ಬರೆಯೋ ಗೋಜಿಗೆ ಹೋಗಲಿಲ್ಲ. 20 ನಿಮಿಷದ ಕೆಲಸದಲ್ಲಿ ಶೇ. 35 ಮುಗೀತು ಅಂದ್ರೆ ಏನರ್ಥ, ಅಲ್ವಾ? ನಿಜವಾಗಿ ಶುರುವಾದ ಹೊತ್ತು, ಮುಗಿದ ಹೊತ್ತು, ಎರಡೇ ಕಾಲಂ. ಅಲ್ಲೂ ಗಂಟೆ ಸಮೇತ ಹೊಡೀಬೇಕು, ಬರೀ ದಿನಾಂಕ ಕೊಟ್ಟರೆ ಶುರುವಿಗೆ ಆಪ್ಷನ್ಸ್‌ನಲ್ಲಿರೋ ಬೆಳಗ್ಗೆ 8 ಗಂಟೆಯನ್ನೇ ತಾನಾಗಿ ಹಾಕಿಕೊಳ್ಳುತ್ತೆ.

ಮೊದಲ ಎರಡು ರ್‍ಯಾಕ್‌ಗೆ ತಲಾ 35 ನಿಮಿಷ ಹಿಡೀತು. ಅದನ್ನು ಬರೆದು, ಉಳಿದ ರ್‍ಯಾಕ್‌ಗಳಿಗೂ 35 ಅಂತ ತಿದ್ದಿದ ತಕ್ಷಣ ಕೊನೆಯ ಸಾಲು 6 ಗಂಟೆ ದಾಟಿತು. ಆಗಿನ್ನೂ ರಾತ್ರಿ 11. ಇನ್ನಿಬ್ಬರನ್ನು ಫೋನ್ ಮಾಡಿ ಕರೆಸಿಕೊಂಡೆವು.